ಒಂದನೇ ಸಂಚಿಕೆ ಯಾವುದು? ಸೂಪರ್‌ಹೀರೊಯಿನ್ ಕಾಮಿಕ್ಸ್ ಓದಲು ಹೊರಟವರಿಗೆ

ವಂಡರ್ ವುಮನ್ ಪತ್ರಿಕೆಯ ಒಂದನೇ ಸಂಚಿಕೆ ಯಾವುದು ಎಂದು ಕೇಳಿದರೆ ಕಡಿಮೆಯೆಂದರೂ ಆರು ಉತ್ತರಗಳಿವೆ. 1942ರದ್ದು ಒಂದು, 1987ರದ್ದು ಇನ್ನೊಂದು. ಆಮೇಲೆ 2006, 2011, 2016 ಮತ್ತು 2023ರಲ್ಲಿ ಮುಖಪುಟದ ಮೇಲೆ ಮತ್ತೆ ಮತ್ತೆ ‘ನಂ. 1’ ಎಂದು ಮುದ್ರಿಸಿ ಹೊರತಂದರು. ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. 2016ರಲ್ಲಿ ಶುರುವಾದ ಸರಣಿ 83ನೇ ಸಂಚಿಕೆಗೆ ಬಂದ ಮೇಲೆ, 2020ರ ಜನವರಿಯಲ್ಲಿ ಅದರ ಮುಂದಿನ ಸಂಚಿಕೆ ಏಕಾಏಕಿ 750 ಎಂಬ ಸಂಖ್ಯೆ ಹೊತ್ತು ಬಂತು. ಹಳೆಯ ಸರಣಿಗಳನ್ನೆಲ್ಲ ಪ್ರಕಾಶಕರು ಒಟ್ಟಿಗೆ ಕೂಡಿಸಿ ಲೆಕ್ಕ ಹಾಕಿದ್ದರು. ಸಿನಿಮಾ ನೋಡಿ ಮೆಚ್ಚಿ, ಇವಳ ಕಥೆಯನ್ನು ಮೊದಲಿನಿಂದ ಓದೋಣ ಎಂದು ಅಂಗಡಿಗೆ ಹೋದವರು ಖಾಲಿ ಕೈಯಲ್ಲಿ ವಾಪಸು ಬರುವುದು ಇಂಥ ಕಾರಣಕ್ಕೆ.

ಅಮೆರಿಕದ ಕಾಮಿಕ್ಸ್ ಅಂಗಡಿಗಳು ಮುಂಗಡವಾಗಿ ಬೇಡಿಕೆ ಕೊಟ್ಟು ಸಂಚಿಕೆಗಳನ್ನು ತರಿಸಿಕೊಳ್ಳುತ್ತವೆ. ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. 37ನೇ ಸಂಚಿಕೆಯನ್ನು ಹೊಸಬರು ಯಾರೂ ಕೊಳ್ಳುವುದಿಲ್ಲ ಎಂದು ಅಂಗಡಿಯವರಿಗೆ ಗೊತ್ತು. ಒಂದನೆಯದಾದರೆ ಧೈರ್ಯವಾಗಿ ಹೆಚ್ಚು ಪ್ರತಿ ತರಿಸುತ್ತಾರೆ. ಹಾಗಾಗಿ ಪ್ರಕಾಶಕರಿಗೆ ಒಂದನೇ ಸಂಚಿಕೆ ಎಂದರೆ ಪ್ರೀತಿ, ನೆವ ಸಿಕ್ಕಿದಾಗಲೆಲ್ಲ ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ. ಕ್ಯಾಪ್ಟನ್ ಮಾರ್ವೆಲ್ ಆದ ಕ್ಯಾರಲ್ ಡ್ಯಾನ್ವರ್ಸ್‌ಗೆ 2012ರಲ್ಲಿ ಒಂದು ‘ನಂ. 1’ ಇತ್ತು, 2014ರಲ್ಲಿ, 2016ರಲ್ಲಿ, 2019ರಲ್ಲಿ, 2023ರಲ್ಲಿ ಮತ್ತೊಂದೊಂದು ಬಂದವು. ಸಂಖ್ಯೆ ನೋಡಿ ಓದಲು ಹೊರಟರೆ ದಾರಿ ತಪ್ಪುವುದು ಖಂಡಿತ.

ಸಂಖ್ಯೆಯನ್ನು ನಂಬಬೇಡಿ, ಪಾತ್ರದ ಹೆಸರನ್ನೂ ಅಷ್ಟಾಗಿ ನಂಬಬೇಡಿ ಎಂಬುದು ನನ್ನ ಸಲಹೆ. ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಎಂದು ನೋಡಿ. ಒಬ್ಬ ಲೇಖಕ ಅಥವಾ ಲೇಖಕಿ ಒಂದು ಪಾತ್ರವನ್ನು ಕೈಗೆತ್ತಿಕೊಂಡು ಬಿಟ್ಟುಕೊಡುವವರೆಗಿನ ಅವಧಿಯನ್ನು ಕಾಮಿಕ್ಸ್ ಓದುಗರು ‘ರನ್’ ಎನ್ನುತ್ತಾರೆ. ಆ ರನ್ನೇ ನಿಜವಾದ ಪುಸ್ತಕ. ಉಳಿದದ್ದೆಲ್ಲ ಮೊದಲ ಹದಿನೈದು ಪುಟಗಳಲ್ಲಿ ತಾನಾಗಿ ಅರ್ಥವಾಗುತ್ತದೆ. ಆಗದಿದ್ದರೆ ತಪ್ಪು ಬರೆದವರದು, ಓದುಗರದಲ್ಲ.

ಈ ಮಾತು ಸೂಪರ್‌ಹೀರೊಯಿನ್‌ಗಳ ವಿಷಯದಲ್ಲಿ ಇನ್ನಷ್ಟು ಸತ್ಯ. ವಂಡರ್ ವುಮನ್‌ಳನ್ನು ಸೃಷ್ಟಿಸಿದ್ದು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಃಶಾಸ್ತ್ರಜ್ಞ, ಚಿತ್ರಕಾರ ಎಚ್. ಜಿ. ಪೀಟರ್. 1941ರ ಕೊನೆಯಲ್ಲಿ ಅವಳು ಮೊದಲು ಕಾಣಿಸಿಕೊಂಡಳು. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆ ಎಂಬ ಮಾರ್ಸ್ಟನ್‌ನ ಸಂಶೋಧನೆಯೇ ಸುಳ್ಳುಪತ್ತೆ ಯಂತ್ರಕ್ಕೆ ಒಂದು ತಳಪಾಯ. ಅವನ ನಾಯಕಿಯ ಕೈಗೆ ನಿಜ ಬಾಯಿಬಿಡಿಸುವ ಹಗ್ಗ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೆಂಗಸರೇ ಜಗತ್ತನ್ನು ಆಳಬೇಕು ಎಂದು ಗಂಭೀರವಾಗಿ ನಂಬಿದ್ದ ಆಸಾಮಿ ಆತ. ಅವನ ಕಥೆಗಳಲ್ಲಿ ಅವಳನ್ನು ತಡೆಯುವವರಿಲ್ಲ. ಅದೇ 1942ರಲ್ಲಿ, ಅದೇ ನಾಯಕಿ, ಬೇರೊಬ್ಬರು ಬರೆಯುತ್ತಿದ್ದ ಜಸ್ಟಿಸ್ ಸೊಸೈಟಿ ಕಥೆಗಳಿಗೆ ಸೇರ್ಪಡೆಯಾದಾಗ ಆ ತಂಡ ಅವಳಿಗೆ ಕೊಟ್ಟ ಹುದ್ದೆ ಕಾರ್ಯದರ್ಶಿಯದು. ಗಂಡಸರು ಯುದ್ಧಕ್ಕೆ ಹೊರಟಾಗ ದೇವತೆಗಳ ವರ ಪಡೆದ ಅಮೆಜಾನ್ ರಾಜಕುಮಾರಿ ಕಚೇರಿ ನೋಡಿಕೊಂಡು ಕೂರಬೇಕು! ಪಾತ್ರ ಒಂದೇ, ವರ್ಷ ಒಂದೇ, ವೇಷವೂ ಒಂದೇ. ಬರೆಯುವ ಕೈ ಮಾತ್ರ ಬೇರೆ.

ಕ್ಯಾರಲ್ ಡ್ಯಾನ್ವರ್ಸ್‌ಗೆ ಆದದ್ದು ಇದಕ್ಕಿಂತ ಕೆಟ್ಟದ್ದು. 1980ರ ಅವೆಂಜರ್ಸ್ 200ನೇ ಸಂಚಿಕೆಯಲ್ಲಿ ಒಬ್ಬ ಆಗಂತುಕ ಅವಳ ಮನಸ್ಸನ್ನು ಯಂತ್ರದ ಬಲದಿಂದ ವಶಪಡಿಸಿಕೊಂಡು ಗರ್ಭಿಣಿಯಾಗಿಸುತ್ತಾನೆ. ಕೊನೆಗೆ ಅವಳು ಅವನೊಂದಿಗೇ ಹೊರಡುತ್ತಾಳೆ, ಗೆಳೆಯರೆಲ್ಲ ಅದನ್ನು ಪ್ರೇಮವೆಂದುಕೊಂಡು ಬೀಳ್ಕೊಡುತ್ತಾರೆ. ಮರುವರ್ಷ ಕ್ರಿಸ್ ಕ್ಲೇರ್ಮಾಂಟ್ ಎಂಬ ಲೇಖಕ ಅವೆಂಜರ್ಸ್ ವಾರ್ಷಿಕ ಸಂಚಿಕೆಯೊಂದರಲ್ಲಿ ಅದೇ ಕ್ಯಾರಲ್‌ಳನ್ನು ವಾಪಸು ಕರೆತಂದು, ‘ನನಗೇನಾಗುತ್ತಿದೆ ಎಂದು ನಿಮಗೊಬ್ಬರಿಗೂ ಹೊಳೆಯಲಿಲ್ಲವೇ’ ಎಂಬ ಅರ್ಥದಲ್ಲಿ ಅವೆಂಜರ್ಸ್ ತಂಡಕ್ಕೇ ಅವಳಿಂದ ಬೈಸಿದ. ಒಂದು ಕಾಮಿಕ್ಸ್ ಇನ್ನೊಂದನ್ನು ಇಷ್ಟು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡದ್ದು ಅಪರೂಪ. ಹೊಸಬರು ಇವೆರಡನ್ನೂ ಓದಬೇಕಾಗಿಲ್ಲ. ‘ಕ್ಯಾಪ್ಟನ್ ಮಾರ್ವೆಲ್ ಓದಿದೆ, ಹಿಡಿಸಲಿಲ್ಲ’ ಎಂದು ಯಾರಾದರೂ ಹೇಳಿದಾಗ, ‘ಯಾರು ಬರೆದದ್ದು?’ ಎಂದು ಮರುಪ್ರಶ್ನೆ ಹಾಕಬೇಕಾದದ್ದು ಏಕೆ ಎಂಬುದಕ್ಕೆ ಈ ಹಳೆಯ ಸಂಗತಿಯೇ ಉದಾಹರಣೆ.

ಇನ್ನು ಪುಸ್ತಕಗಳ ರೂಪದ ಬಗ್ಗೆ ಎರಡು ಮಾತು. ತಿಂಗಳಿಗೊಂದರಂತೆ ಬರುವ ತೆಳು ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸುಮಾರು ಇಪ್ಪತ್ತು ಪುಟ. ಅಂಥ ಐದಾರು ಸಂಚಿಕೆಗಳನ್ನು ಸೇರಿಸಿ ಹೊಲಿದದ್ದು ಟ್ರೇಡ್ ಪೇಪರ್‌ಬ್ಯಾಕ್. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂಥ ಕಡೆ ಅಂಗಡಿಗಳ ಕಪಾಟಿನಲ್ಲಿ ನೀವು ನೋಡುವುದು ಹೆಚ್ಚಾಗಿ ಇದನ್ನೇ. ಬೆನ್ನಿನ ಮೇಲಿರುವ ಅಂಕಿ ಆ ರನ್‌ನ ಸಂಪುಟ ಸಂಖ್ಯೆಯಾದ್ದರಿಂದ, ಅದರ ಜತೆ ಲೇಖಕರ ಹೆಸರನ್ನೂ ಸೇರಿಸಿ ನೋಡಿದರೆ ತಪ್ಪು ಪುಸ್ತಕ ಕೈಗೆ ಬರುವುದಿಲ್ಲ. ವಂಡರ್ ವುಮನ್‌ಳನ್ನು ಪ್ರಕಟಿಸುವ ಡಿಸಿ ಕಂಪನಿ 2024ರಿಂದ ‘ಕಾಂಪ್ಯಾಕ್ಟ್ ಕಾಮಿಕ್ಸ್’ ಎಂದು ಸಣ್ಣ ಗಾತ್ರದ, ಕಡಿಮೆ ಬೆಲೆಯ ಮರುಮುದ್ರಣಗಳನ್ನು ಹೊರತರುತ್ತಿದೆ. ಅಕ್ಷರ ಕೊಂಚ ಚಿಕ್ಕದು, ಜೇಬಿಗೆ ಭಾರವಿಲ್ಲ. ಕ್ಯಾಪ್ಟನ್ ಮಾರ್ವೆಲ್‌ಳನ್ನು ಪ್ರಕಟಿಸುವ ಮಾರ್ವೆಲ್ ಕಂಪನಿಯ ಚಂದಾ ಆ್ಯಪ್‌ನಲ್ಲಿ ಹೊಸ ಸಂಚಿಕೆಗಳು ಸುಮಾರು ಮೂರು ತಿಂಗಳು ತಡವಾಗಿ ಬರುತ್ತವೆ. ಹಳೆಯದನ್ನು ಓದುವವರಿಗೆ ಆ ತಡದಿಂದ ಏನೂ ನಷ್ಟವಿಲ್ಲ.

ಯಾವುದರಿಂದ ಶುರು ಮಾಡಬೇಕು? ಒಂದೇ ಒಂದನ್ನು ಹೇಳಿ ಎಂದರೆ ನನ್ನ ಉತ್ತರ ಜಿ. ವಿಲ್ಲೋ ವಿಲ್ಸನ್ ಬರೆದ, ಏಡ್ರಿಯನ್ ಅಲ್ಫೋನಾ ಚಿತ್ರಿಸಿದ ಮಿಸ್ ಮಾರ್ವೆಲ್. 2014ರಲ್ಲಿ ಆರಂಭವಾಯಿತು, ಮೊದಲ ಐದು ಸಂಚಿಕೆಗಳ ಸಂಪುಟ ‘ನೋ ನಾರ್ಮಲ್’ಗೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಹಿಂದೆ ಕ್ಯಾರಲ್‌ಗಿದ್ದ ಬಿರುದನ್ನು ಇಲ್ಲಿ ಹೊತ್ತಿರುವವಳು ಕಮಲಾ ಖಾನ್. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಅಮ್ಮಿ, ಅಬ್ಬು ಮತ್ತು ಸದಾ ನಮಾಜಿನಲ್ಲಿರುವ ಅಣ್ಣನ ಜತೆ ಬೆಳೆಯುತ್ತಿರುವ, ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ. ಕಥೆ ತೆರೆದುಕೊಳ್ಳುವುದು ಯುದ್ಧದಿಂದಲ್ಲ, ವಾಸನೆಯಿಂದ. ಮೂಲೆಯಂಗಡಿಯ ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ಕಮಲಾ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ಪರಿಮಳ ಹೀರುತ್ತಿದ್ದಾಳೆ. ತಿನ್ನುವಂತಿಲ್ಲ, ಮೂಸಬಹುದಲ್ಲ! ತಿನ್ನುವುದಾದರೆ ತಿನ್ನು, ಇಲ್ಲವಾದರೆ ಮೂಸುವುದನ್ನು ಬಿಡು ಎಂದು ಗೆಳತಿ ನಕಿಯಾ ಗದರುತ್ತಾಳೆ. ಮಡಿ ಮನೆಯಲ್ಲಿ ಬೆಳೆದು ಹಾಸ್ಟೆಲ್ಲಿಗೆ ಹೋದ ಯಾರಿಗೂ ಈ ಪುಟಕ್ಕೆ ಟಿಪ್ಪಣಿ ಬೇಕಾಗದು.

ಅದೇ ಸಂಚಿಕೆಯ ಕೊನೆಗೆ, ಅಪ್ಪ ಬೇಡವೆಂದರೂ ಕಿಟಕಿಯಿಂದ ಜಾರಿ ಪಾರ್ಟಿಗೆ ಹೋದ ಕಮಲಾಳನ್ನು ವಿಚಿತ್ರವಾದ ಮಂಜು ಸುತ್ತಿಕೊಳ್ಳುತ್ತದೆ. ಮಂಜಿನಲ್ಲಿ ಅವಳ ಆರಾಧ್ಯದೈವ ಕ್ಯಾಪ್ಟನ್ ಮಾರ್ವೆಲ್ ತೇಲಿಬರುತ್ತಾಳೆ, ಬಂದು ಹೇಳುವುದು ಅಮೀರ್ ಖುಸ್ರೋನ ‘ಸಕಲ ಬನ ಫೂಲ್ ರಹೀ ಸರಸೋಂ’. ಅಮೆರಿಕದ ಸೂಪರ್‌ಹೀರೊ ಕಾಮಿಕ್ಸಿನ ನಟ್ಟನಡುವೆ ಏಳು ಶತಮಾನ ಹಳೆಯ ಹಿಂದವಿ ಸಾಲು! ಏನಾಗಬೇಕು ಎಂದು ಕೇಳಿದರೆ ನಿನ್ನ ಹಾಗೆ ಸುಂದರಿಯಾಗಬೇಕು ಎನ್ನುತ್ತಾಳೆ ಕಮಲಾ. ಸರಿ, ಹೊಂಬಣ್ಣದ ಕೂದಲು, ಈಜುಡುಗೆಯಂಥ ಹಳೆಯ ವೇಷ, ತೊಡೆಯುದ್ದದ ಬೂಟು ಎಲ್ಲ ಬರುತ್ತದೆ. ಬಂದ ಮೇಲೆ ಗೊತ್ತಾಗುವುದು ಕೂದಲು ಕಣ್ಣಿಗೆ ಬೀಳುತ್ತದೆ, ಬಟ್ಟೆ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ, ಇನ್ನೊಬ್ಬರಾಗಿರುವುದು ಬಲು ಸುಸ್ತು ಎಂಬುದು. ಕೊನೆಗೆ ಅವಳು ತನ್ನ ವೇಷವನ್ನು ಹೊಂದಿಸಿಕೊಳ್ಳುವುದು ಬೀರುವಿನಲ್ಲಿದ್ದ ಬುರ್ಕಿನಿಯಿಂದ, ಅಂದರೆ ಮೈಪೂರ್ತಿ ಮುಚ್ಚುವ ಈಜುಡುಗೆಯಿಂದ. ಮುಂದೊಂದು ಕಡೆ, ರಾತ್ರಿ ತಿರುಗುವ ಮಗಳಿಗೆ ಬುದ್ಧಿ ಹೇಳಲಿ ಎಂದು ಮನೆಯವರು ಅವಳನ್ನು ಮಸೀದಿಯ ಶೇಖ್ ಬಳಿಗೆ ಕಳಿಸುತ್ತಾರೆ. ಬೈಗುಳಕ್ಕೆ ಸಿದ್ಧವಾಗಿ ಕೂತವಳಿಗೆ ಆತ, ಮಾಡುತ್ತಿರುವುದನ್ನು ಬಿಡಲಾರೆಯಾದರೆ ಧೈರ್ಯ, ಪ್ರಾಮಾಣಿಕತೆ, ದಯೆಗಳನ್ನು ಬಿಡದೆ ಮಾಡು, ಒಬ್ಬ ಗುರುವನ್ನೂ ಹುಡುಕಿಕೋ ಎನ್ನುತ್ತಾನೆ. ಈ ಸರಣಿಯಲ್ಲಿ ನನಗೆ ಅತಿ ಪ್ರಿಯವಾದ ಪುಟಗಳು ಅವು. ಅಲ್ಫೋನಾನ ಚಿತ್ರಗಳನ್ನು ನಿಧಾನವಾಗಿ ನೋಡಬೇಕು. ಹಿನ್ನೆಲೆಯ ಡಬ್ಬಿ, ಫಲಕ, ಭಿತ್ತಿಪತ್ರಗಳಲ್ಲೆಲ್ಲ ತಮಾಷೆ ಅಡಗಿಸಿಟ್ಟಿದ್ದಾನೆ. ಇಂಗ್ಲಿಷ್ ಸರಳ.

2022ರ ಟಿವಿ ಸರಣಿ ನೋಡಿ ಬರುವವರಿಗೆ ಒಂದು ಸೂಚನೆ. ಅಲ್ಲಿ ಕಮಲಾ ಬೆಳಕನ್ನು ಗಟ್ಟಿ ವಸ್ತುವಾಗಿಸುತ್ತಾಳೆ; ಪುಸ್ತಕದಲ್ಲಿ ತನ್ನ ಮೈಯನ್ನೇ ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ವಿಲ್ಸನ್ ಬರೆದದ್ದು ಮೊದಲ ಸರಣಿಯ 19 ಸಂಚಿಕೆ, ಎರಡನೆಯದರ 38 ಸಂಚಿಕೆ, 2019ರವರೆಗೆ. ಅಲ್ಲಿಗೆ ನಿಲ್ಲಿಸಿದರೂ ಬಾಧಕವಿಲ್ಲ. 2023ರಲ್ಲಿ ಕಮಲಾಳನ್ನು ಕೊಂದರು, ಅದೂ ಅವಳದಲ್ಲದ ಸ್ಪೈಡರ್‌ಮ್ಯಾನ್ ಪತ್ರಿಕೆಯಲ್ಲಿ. ಕೆಲವೇ ವಾರಗಳಲ್ಲಿ ಎಕ್ಸ್‌ಮೆನ್ ಕಥೆಯಲ್ಲಿ ಮತ್ತೆ ಬದುಕಿಸಿದರು. ಓದುಗರು ಛೀಮಾರಿ ಹಾಕಿದ್ದು ಸಹಜವೇ.

ವಂಡರ್ ವುಮನ್‌ಗೆ ಬಂದರೆ, ಗ್ರೆಗ್ ರಕ್ಕಾ ಎಂಬ ಹೆಸರು ನೆನಪಿಟ್ಟುಕೊಳ್ಳಿ. 2016ರಲ್ಲಿ ಆತ ಬರೆದ ‘ಇಯರ್ ಒನ್’ ಅವಳ ಮೂಲಕಥೆಯ ಅಚ್ಚುಕಟ್ಟಾದ ಹೊಸ ನಿರೂಪಣೆ; ಹೆಚ್ಚಿನ ಚಿತ್ರಗಳು ನಿಕೋಲಾ ಸ್ಕಾಟ್‌ಳದ್ದು. ಆದರೆ ನಾನು ಮೊದಲು ಕೊಡುವುದು 2002ರ ‘ದ ಹಿಕಿಟಿಯಾ’. ಒಂದೇ ಪುಸ್ತಕ, ಹಿಂದೆ ಮುಂದೆ ಏನೂ ಓದಿರಬೇಕಾಗಿಲ್ಲ. ಒಂದು ರಾತ್ರಿ ಡ್ಯಾನಿಯೆಲ್ ಎಂಬ ಹುಡುಗಿ ಡಯಾನಾಳ (ವಂಡರ್ ವುಮನ್‌ಳ ನಿಜ ಹೆಸರು) ಬಾಗಿಲಿಗೆ ಬಂದು, ಮೊಣಕಾಲೂರಿ, ಪ್ರಾಚೀನ ಗ್ರೀಕರ ವಿಧಿಯಂತೆ ಶರಣು ಬೇಡುತ್ತಾಳೆ. ಡಯಾನಾ ಒಪ್ಪುತ್ತಾಳೆ. ಆಮೇಲೆ ತಿಳಿಯುತ್ತದೆ, ಹುಡುಗಿ ಕೊಲೆ ಮಾಡಿ ಬಂದಿದ್ದಾಳೆ, ಅವಳ ಬೆನ್ನು ಹತ್ತಿರುವವನು ಬ್ಯಾಟ್‌ಮನ್. ಕೊಲೆಗೆ ಕಾರಣವೂ ಇದೆ, ಬ್ಯಾಟ್‌ಮನ್‌ಗೆ ಕಾನೂನೂ ಇದೆ. ಶರಣಾಗತರನ್ನು ಬಿಟ್ಟುಕೊಟ್ಟರೆ ಡಯಾನಾಳನ್ನೇ ಹರಿದು ತಿನ್ನಲು ಸೇಡಿನ ದೇವತೆಗಳು ಮನೆಯ ಹೊರಗೆ ಕಾದು ಕೂತಿವೆ. ವಿಭೀಷಣನಿಗೆ ರಾಮ ಕೊಟ್ಟ ಅಭಯವನ್ನು ಕೇಳಿ ಬೆಳೆದ ನಮಗೆ ಈ ಇಕ್ಕಟ್ಟಿನ ಬಿಗಿ ತಟ್ಟನೆ ಹಿಡಿಯುತ್ತದೆ. ಮುಖಪುಟದಲ್ಲಿ ಡಯಾನಾಳ ಕೆಂಪು ಬೂಟು ಬ್ಯಾಟ್‌ಮನ್‌ನ ತಲೆಯ ಮೇಲಿದೆ.

ಅದೇ ರಕ್ಕಾ, ಜೆ. ಎಚ್. ವಿಲಿಯಮ್ಸ್ III ಎಂಬ ಚಿತ್ರಕಾರನ ಜತೆ 2009ರಲ್ಲಿ ಆರಂಭಿಸಿದ ಬ್ಯಾಟ್‌ವುಮನ್ ಕಥೆ ‘ಎಲಿಜಿ’ ಎಂಬ ಸಂಪುಟವಾಗಿ ಸಿಗುತ್ತದೆ. ಕಾಮಿಕ್ಸ್ ಎಂದರೆ ಚೌಕದೊಳಗೆ ಚಿತ್ರ ಎಂದುಕೊಂಡವರು ಇದರ ಪುಟ ತೆರೆದು ನೋಡಬೇಕು. ನಾಯಕಿ ಮುಖವಾಡ ಹಾಕಿದಾಗ ಎರಡು ಪುಟಗಳ ಅಗಲಕ್ಕೆ ಚಿತ್ರ ಹರಡಿಕೊಳ್ಳುತ್ತದೆ. ಚೌಕಟ್ಟುಗಳೇ ಮಿಂಚಿನ ಆಕಾರಕ್ಕೆ, ಬಾವಲಿಯ ರೆಕ್ಕೆಯ ಆಕಾರಕ್ಕೆ ಮುರಿಯುತ್ತವೆ. ಬಣ್ಣವೆಂದರೆ ಕಪ್ಪು ಮತ್ತು ಕೆಂಪು. ಅವಳು ಮನೆಗೆ ಬಂದು ಕೇಟ್ ಕೇನ್ ಆದ ತಕ್ಷಣ ಗೆರೆ ತೆಳುವಾಗುತ್ತದೆ, ಚೌಕಗಳು ನೆಟ್ಟಗಾಗುತ್ತವೆ. ಹಳೆಯ ನೆನಪುಗಳಿಗೆ ಮೂರನೆಯದೇ ಒಂದು ಶೈಲಿ. ಸೇನಾ ಅಕಾಡೆಮಿಯಲ್ಲಿದ್ದಾಗ, ತಾನು ಹೆಂಗಸರನ್ನು ಪ್ರೀತಿಸುವವಳು ಎಂಬುದನ್ನು ಅಲ್ಲಗಳೆದಿದ್ದರೆ ಕೇಟ್‌ಳ ಕೆಲಸ ಉಳಿಯುತ್ತಿತ್ತು. ಸುಳ್ಳು ಹೇಳಬಾರದೆಂಬುದು ಅಕಾಡೆಮಿಯದೇ ನಿಯಮ ಎಂದು ಅವಳು ನಿಜ ಹೇಳಿ ಹೊರಬೀಳುತ್ತಾಳೆ. ಹತ್ತಾರು ಹೊಡೆದಾಟಗಳಿಗಿಂತ ಆ ಶಾಂತ ದೃಶ್ಯ ಗಟ್ಟಿಯಾಗಿದೆ.

ಸೂಪರ್‌ಗರ್ಲ್ ಬಹುಕಾಲ ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳಾಗಿಯೇ ಉಳಿದಿದ್ದಳು. 1959ರಲ್ಲಿ ಹುಟ್ಟಿದಳು, 1985ರಲ್ಲಿ ಕೊಂದರು, ಮತ್ತೆ ತಂದರು. ಅವಳಿಗಾಗಿ ಒಂದೇ ಪುಸ್ತಕ ಓದುವುದಾದರೆ ಟಾಮ್ ಕಿಂಗ್ ಬರೆದು, ಬ್ರೆಜಿಲ್‌ನ ಬಿಲ್ಕಿಸ್ ಎವೆಲಿ ಚಿತ್ರಿಸಿದ ‘ವುಮನ್ ಆಫ್ ಟುಮಾರೊ’, ಎಂಟೇ ಸಂಚಿಕೆ, 2021–22. ಕಥೆ ಹೇಳುವವಳು ರೂಥಿ ಎಂಬ ರೈತನ ಮಗಳು. ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಲು ಕತ್ತಿ ಹಿಡಿದು ಬಾಡಿಗೆ ಭಂಟರನ್ನು ಹುಡುಕುತ್ತಿದ್ದಾಳೆ. ಅವಳಿಗೆ ಸಿಕ್ಕವಳು ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಕುಡಿದು ತೂರಾಡುತ್ತಿರುವ ಕಾರಾ, ಅಂದರೆ ಸೂಪರ್‌ಗರ್ಲ್. ಹಳದಿ ಸೂರ್ಯನ ಕೆಳಗೆ ಅವಳಿಗೆ ಮದ್ಯ ಏರುವುದಿಲ್ಲವಾದ್ದರಿಂದ, ಶಕ್ತಿ ಕುಂದಿಸುವ ಕೆಂಪು ಸೂರ್ಯನ ಲೋಕವನ್ನು ಹುಡುಕಿಕೊಂಡು ಬಂದಿದ್ದಾಳೆ. ಹಾರಲಾಗದ ಸೂಪರ್‌ಗರ್ಲ್ ಟಿಕೆಟ್ ಕೊಂಡು ಅಂತರಿಕ್ಷದ ಬಸ್ಸಿನಲ್ಲಿ ಪ್ರಯಾಣಿಸುವ ಅಧ್ಯಾಯ ಎಷ್ಟು ಸೊಗಸೋ ಅಷ್ಟೇ ಕ್ರೂರ. ರೂಥಿಯ ಇಂಗ್ಲಿಷ್ ಹಳೆಯ ಕಾಲದ್ದು, ಉದ್ದುದ್ದ ವಾಕ್ಯಗಳದ್ದು. ಮೊದಲ ಸಂಚಿಕೆ ತುಸು ತಾಳ್ಮೆ ಬೇಡುತ್ತದೆ. ಹದಿಮೂರಕ್ಕಿಂತ ಕೆಳಗಿನವರಿಗೆ ಕೊಡಬೇಡಿ.

ನಗಬೇಕೆನ್ನುವವರಿಗೆ ಷೀ-ಹಲ್ಕ್. ಹಲ್ಕ್ ಟಿವಿ ಸರಣಿ ಜನಪ್ರಿಯವಾಗಿದ್ದಾಗ, ಟಿವಿಯವರೇ ಹೆಣ್ಣು ಹಲ್ಕ್ ಒಬ್ಬಳನ್ನು ಹುಟ್ಟಿಸಿ ಹೆಸರಿನ ಹಕ್ಕು ಹೊಡೆದುಕೊಂಡರೆ ಎಂಬ ಭಯಕ್ಕೆ ಮಾರ್ವೆಲ್ ಅವಸರದಲ್ಲಿ ತಂದ ಪಾತ್ರ ಇದು. ಹುಟ್ಟಿದ್ದೇ ಟ್ರೇಡ್‌ಮಾರ್ಕ್ ಕಾಯಲು. ಅಂಥವಳಿಗೂ 1989ರಲ್ಲಿ ಜಾನ್ ಬರ್ನ್ ಜೀವ ಕೊಟ್ಟ. ಅವನ ಷೀ-ಹಲ್ಕ್ ಓದುಗರ ಜತೆ ನೇರ ಮಾತಿಗಿಳಿಯುತ್ತಾಳೆ, ಬರೆಯುವವನ ಜತೆ ಜಗಳವಾಡುತ್ತಾಳೆ. ಹೊಸಬರಿಗೆ ಇನ್ನೂ ಸುಲಭ ಚಾರ್ಲ್ಸ್ ಸೋಲ್ ಮತ್ತು ಹಾವಿಯೆರ್ ಪುಲಿಡೊ ಜೋಡಿಯ 2014ರ 12 ಸಂಚಿಕೆಗಳು. ಸೋಲ್ ಸ್ವತಃ ವಕೀಲ. ವಕೀಲೆ ಜೆನ್ನಿಫರ್ ವಾಲ್ಟರ್ಸ್ ದೊಡ್ಡ ಸಂಸ್ಥೆ ಬಿಟ್ಟು ಬ್ರೂಕ್ಲಿನ್‌ನಲ್ಲಿ ಸ್ವಂತ ಕಚೇರಿ ತೆರೆಯುವುದರಿಂದ ಕಥೆ ಶುರು. ಬೋನಸ್ ಸಿಗಲಿಲ್ಲ ಎಂಬುದು ಕೆಲಸ ಬಿಡಲು ಕಾರಣ. ಸೂಪರ್‌ಹೀರೊ ಗೆಳೆಯರನ್ನು ಕಕ್ಷಿದಾರರಾಗಿ ಕರೆತರಲಿಲ್ಲ ಎಂಬುದು ಬೋನಸ್ ಸಿಗದಿರಲು ಕಾರಣ.

ಮಕ್ಕಳಿಗೆ, ಹಾಗೂ ಬೇಸರದ ದಿನ ದೊಡ್ಡವರಿಗೆ, ರಯಾನ್ ನಾರ್ತ್ ಮತ್ತು ಎರಿಕಾ ಹೆಂಡರ್ಸನ್ 2015ರಲ್ಲಿ ಆರಂಭಿಸಿದ ‘ಅನ್‌ಬೀಟಬಲ್ ಸ್ಕ್ವಿರಲ್ ಗರ್ಲ್’. ಅಳಿಲಿನ ಬಾಲವಿರುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ವೈರಿಗಳನ್ನು ಹೆಚ್ಚಾಗಿ ಮಾತಾಡಿಯೇ ಗೆಲ್ಲುತ್ತಾಳೆ. ಪುಟದ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳಿವೆ, ಬಿಡಬೇಡಿ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರಿಗೆ ಇಲ್ಲಿನ ಲೋಕ ಅಪರಿಚಿತ ಎನಿಸದು. ಭಾರತದ್ದೇ ಬೇಕೆಂದರೆ 2014ರ ‘ಪ್ರಿಯಾಸ್ ಶಕ್ತಿ’ ಅಂತರ್ಜಾಲದಲ್ಲಿ ಉಚಿತವಾಗಿದೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರದ ಆಕ್ರೋಶದಿಂದ ಹುಟ್ಟಿದ ಕಥೆ. ಹುಲಿಯೇರಿ ಬರುವ ಪ್ರಿಯಾಳ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಕಥೆ ಮಾತ್ರ ಕೆಲವೆಡೆ ಜಾಗೃತಿ ಅಭಿಯಾನದ ಭಾಷಣವಾಗುತ್ತದೆ.

ತೊಂಬತ್ತರ ದಶಕದಲ್ಲಿ ಓದುವುದು ಬಿಟ್ಟು ಈಗ ಮರಳುವವರ ಕಷ್ಟವೇ ಬೇರೆ. ಅವರಿಗೆ ಗೊತ್ತಿದ್ದ ಬ್ಯಾಟ್‌ಗರ್ಲ್, ಅಂದರೆ ಬಾರ್ಬರಾ ಗಾರ್ಡನ್, 1988ರಲ್ಲಿ ಜೋಕರ್‌ನ ಗುಂಡಿಗೆ ನಡೆಯುವ ಶಕ್ತಿ ಕಳೆದುಕೊಂಡಿದ್ದಳು. ಆ ಕಥೆಗೆ ಅವಳ ನೋವು ಬೇಕಾಗಿದ್ದದ್ದು ಗಂಡಸರಿಬ್ಬರ ಕದನಕ್ಕೆ ಕಾವು ಕೊಡಲು ಮಾತ್ರ. ಕಿಮ್ ಯೇಲ್ ಮತ್ತು ಜಾನ್ ಒಸ್ಟ್ರಾಂಡರ್ ದಂಪತಿ ಅದನ್ನು ಅಲ್ಲಿಗೆ ಬಿಡದೆ, ಮರುವರ್ಷವೇ ಅವಳನ್ನು ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಬಲದಿಂದ ಇಡೀ ಸೂಪರ್‌ಹೀರೊ ಲೋಕಕ್ಕೆ ಮಾಹಿತಿ ಒದಗಿಸುವ ಆರಕಲ್ ಆಗಿಸಿದರು. 2011ರಲ್ಲಿ ಡಿಸಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದಾಗ ಬಾರ್ಬರಾ ಮತ್ತೆ ನಡೆದಾಡತೊಡಗಿದಳು. ಆರಕಲ್‌ಳಲ್ಲಿ ತಮ್ಮನ್ನು ಕಂಡಿದ್ದ ಓದುಗರಿಗೆ ಅದು ನುಂಗಲಾರದ ತುತ್ತಾಯಿತು. ಮರಳುವವರು ಹುಡುಕಬೇಕಾದದ್ದು ಗೇಲ್ ಸಿಮೋನ್ 2003ರಲ್ಲಿ 56ನೇ ಸಂಚಿಕೆಯಿಂದ ಬರೆದ, ಆರಕಲ್ ಇರುವ ‘ಬರ್ಡ್ಸ್ ಆಫ್ ಪ್ರೇ’. ನಾಯಕರ ಸಿಟ್ಟೇರಿಸಲೆಂದೇ ಕೊಲ್ಲಲಾದ, ಊನಗೊಳಿಸಲಾದ ಕಾಮಿಕ್ಸ್ ಹೆಣ್ಣುಗಳ ಪಟ್ಟಿಯನ್ನು 1999ರಲ್ಲಿ ಮಾಡಿದ್ದವಳು ಇದೇ ಸಿಮೋನ್. ಆಗ ಆಕೆ ಬರೀ ಓದುಗಾರ್ತಿ.

ಇನ್ನು, ತಿಂಗಳು ತಿಂಗಳು ಬರುವುದನ್ನು ಹಿಂಬಾಲಿಸುವ ಹುಮ್ಮಸ್ಸುಳ್ಳವರಿಗೆ ಕೆಲ್ಲಿ ಥಾಂಪ್ಸನ್ ಮತ್ತು ಹೇಡನ್ ಶೆರ್ಮನ್‌ರ ‘ಆಬ್ಸೊಲ್ಯೂಟ್ ವಂಡರ್ ವುಮನ್’ ಇದೆ, 2024ರ ಅಕ್ಟೋಬರಿನಿಂದ. ಇಲ್ಲಿನ ಡಯಾನಾ ಅಮೆಜಾನರ ದ್ವೀಪದಲ್ಲಿ ಬೆಳೆದವಳಲ್ಲ. ಶಿಶುವಾಗಿದ್ದಾಗಲೇ ಅವಳನ್ನು ನರಕಕ್ಕೆ ತಂದು ಮಾಟಗಾತಿ ಸರ್ಸಿಯ ಮಡಿಲಿಗೆ ಹಾಕುತ್ತಾರೆ. ಹಿಂದಿನ ಎಂಬತ್ತು ವರ್ಷಗಳ ಕಥೆಗೂ ಇದಕ್ಕೂ ಲೆಕ್ಕದ ಸಂಬಂಧವಿಲ್ಲವಾದ್ದರಿಂದ, ಮುಖಪುಟದ ಮೇಲಿನ ‘ನಂ. 1’ ಅನ್ನು ಈ ಒಂದು ಸಲ ನಂಬಬಹುದು.